ಬೆಕ್ಕಿನ ಹಾಳೆ

ದೊಡ್ಡ ಡಾಕ್ಟರಮ್ಮನಿಂದ ಹಿಡಿದು ನೆಲ ಒರೆಸುವವನವರೆಗೆ ಆ ಆಸ್ಪತ್ರೆಯಲ್ಲಿ ಎಲ್ಲರಿಗೂ ಅವಳು ಗಂಟೆಯಕ್ಕ. ಔಷಧಿ ಕೊಡುವ ಕಿಟಕಿ ದಾಟಿ, ಎಕ್ಸ್‌ರೇ ಕೋಣೆಯ ಪಕ್ಕದ ಮೆಟ್ಟಿಲಿಳಿದರೆ ಕಾರಿಡಾರಿನ ತುದಿಯಲ್ಲಿ ಅವಳ ಕೋಣೆ. ಮೊಣಕಾಲೆತ್ತರದ ಮೇಜು, ಅದಕ್ಕೆ ತಕ್ಕ ಕುರ್ಚಿ, ಹಿಂದೆ ಗೋಡೆಗೆ ಒತ್ತಿಕೊಂಡಂತೆ ತಾಯಿಗೊಂದು ಸ್ಟೂಲು. ಕಿಟಕಿಗೆ ದಪ್ಪ ಪರದೆ. ಗೋಡೆಯ ಮೇಲೆ ಒಂದು ಕ್ಯಾಲೆಂಡರೂ ಇಲ್ಲ. ಮಗುವಿನ ಕಣ್ಣು ಸೆಳೆಯುವಂಥದ್ದು ಏನೂ ಇರಬಾರದು ಎಂದು ಸ್ವಿಚ್ಚಿನ ಕೆಂಪು ದೀಪಕ್ಕೂ ಅವಳು ಪ್ಲಾಸ್ಟರ್ ಅಂಟಿಸಿದ್ದಳು.

ಅಲ್ಲಿಗೆ ಬರುತ್ತಿದ್ದವರು ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳು. ಅಂಗೈಯಗಲ ಇದ್ದಾಗ ಗಾಜಿನ ಪೆಟ್ಟಿಗೆಯಲ್ಲಿ ಮಲಗಿ, ಮೂಗಿಗೆ ನಳಿಕೆ ಹಾಕಿಸಿಕೊಂಡು, ಅಪ್ಪ ಅಮ್ಮನ ಜೀವ ಹಿಂಡಿ ಮನೆಗೆ ಹೋದವರು. ಆಮೇಲೆ ನಡೆದರು, ಮಾತಾಡಿದರು, ತಟ್ಟೆ ಬಡಿದು ರಂಪ ಮಾಡಿದರು. ಸದ್ಯ ಗಂಡಾಂತರ ಕಳೀತು ಎಂದು ಮನೆಯವರು ಉಸಿರು ಬಿಟ್ಟರು. ಆದರೆ ಇಂಥವರಲ್ಲಿ ಕೆಲವರಿಗೆ ಮನಸ್ಸು ಒಂದು ಕಡೆ ನಿಲ್ಲುವುದೇ ಇಲ್ಲ. ಶಾಲೆಗೆ ಸೇರುವ ಮೊದಲೇ ಅದು ಗೊತ್ತಾದರೆ ಕೈಹಿಡಿದು ಕಲಿಸಬಹುದು. ತಡವಾದರೆ ಮಗು ಹೊಡೆತ ತಿನ್ನುತ್ತದೆ, ಬೈಗುಳ ತಿನ್ನುತ್ತದೆ, ಕೊನೆಗೆ ತಾನೇ ಕೆಟ್ಟವನು ಎಂದು ನಂಬುತ್ತದೆ. ಹಾಗಾಗದಂತೆ ನೋಡಿಕೊಳ್ಳುವುದೇ ಗಂಟೆಯಕ್ಕನ ಉದ್ಯೋಗವಾಗಿತ್ತು. "ಮಕ್ಕಳು ಆಡೋದನ್ನ ನೋಡೋಕೂ ಸಂಬಳ ಕೊಡ್ತಾರಾ?" ಎಂದು ಅವಳ ಸ್ವಂತ ತಮ್ಮನೇ ನಕ್ಕಿದ್ದ.

ಮೊದಲು ಅವಳು ಒಂದು ಶಿಶುವಿಹಾರದಲ್ಲಿ ಟೀಚರಾಗಿದ್ದಳು. ಎಂಥ ತುಂಟನನ್ನೂ ಕೂರಿಸುತ್ತಾಳೆ ಎಂದು ಡಾಕ್ಟರಮ್ಮನೇ ಹುಡುಕಿಕೊಂಡು ಬಂದು ಕರೆದುಕೊಂಡು ಹೋದರು. ಕೆಲಸ ನೋಡುವುದಕ್ಕೆ ಆಟದ ಹಾಗೆಯೇ ಇತ್ತು. ಒಂದು ದೊಡ್ಡ ಹಾಳೆಯ ತುಂಬ ನಾಯಿ, ಹೂವು, ಚೆಂಡು, ಮರಗಳ ಸಂದಿಯಲ್ಲಿ ಬೆಕ್ಕುಗಳು ಅಡಗಿವೆ; ಬೆಕ್ಕಿನ ಮೇಲೆ ಮಾತ್ರ ಬೆರಳಿಡಬೇಕು. ಆಮೇಲೆ ಬಗೆಬಗೆಯ ಸದ್ದುಗಳು. ನಾಯಿ ಬೊಗಳಿದಾಗ ಮಾತ್ರ ಮೇಜು ತಟ್ಟಬೇಕು. ಕೊನೆಯಲ್ಲಿ ಬೋರಲು ಹಾಕಿದ ಬಟ್ಟಲಿನಡಿ ಒಂದು ಬಿಸ್ಕತ್ತು. ಹಿತ್ತಾಳೆಯ ಪುಟ್ಟ ಗಂಟೆ ಬಾರಿಸುವ ತನಕ ಬಟ್ಟಲು ಮುಟ್ಟಬಾರದು. ಅವಳಿಗೆ ಆ ಹೆಸರು ಬಂದದ್ದು ಈ ಗಂಟೆಯಿಂದಲೇ.

ಕಷ್ಟವಿದ್ದದ್ದು ಅವಳ ಮುಖದಲ್ಲಿ. ಮಗು ಸರಿ ಮಾಡಿದರೆ ನಗುವಂತಿಲ್ಲ, ತಪ್ಪಿದರೆ ಹುಬ್ಬು ಗಂಟಿಕ್ಕುವಂತಿಲ್ಲ. "ಜಾಣ", "ಶಹಬ್ಬಾಸ್" ಎಂಬ ಮಾತೇ ಇಲ್ಲ. "ಹ್ಞಾಂ, ಮುಂದೆ." ಇಷ್ಟೇ. ತಾಯಂದಿರು ಹಿಂದಿನಿಂದ ಕೆಮ್ಮಿ ಸನ್ನೆ ಮಾಡುವರು, ಗಂಟಲು ಸರಿಮಾಡಿಕೊಳ್ಳುವರು. ಅಂಥವರಿಗೆ ಅವಳು ತಿರುಗಿ ನೋಡದೆಯೇ, "ಅಮ್ಮಾ, ನೀವು ಹೊರಗೆ ಕೂತಿರಿ" ಎನ್ನುವಳು. ಮುಲಾಜೇ ಇಲ್ಲ. ಅಭ್ಯಾಸ ಎಷ್ಟು ಹತ್ತಿತ್ತೆಂದರೆ, ಮಗ ಮೊದಲ ಸಲ ಅನ್ನ ಬೇಯಿಸಿ ಬಡಿಸಿದಾಗಲೂ ತುತ್ತು ನುಂಗಿ ಗಂಭೀರವಾಗಿ "ಹ್ಞಾಂ, ಮುಂದೆ" ಎಂದಿದ್ದಳಂತೆ. ಲಿಫ್ಟ್ ರಿಪೇರಿ ಮಾಡುವ ಮಗ ಅದನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿ ನಗಿಸುತ್ತಿದ್ದ.

ಇನ್ನೊಂದು ಕಟ್ಟುನಿಟ್ಟಿನ ನಿಯಮವಿತ್ತು. ಆ ಚಿತ್ರಗಳು ಕೋಣೆಯ ಬಾಗಿಲು ದಾಟಕೂಡದು. ಹಾಳೆ ಹಳತಾದರೆ ಕೈಯಾರೆ ಚೂರುಚೂರು ಮಾಡಿ ಕಸಕ್ಕೆ ಹಾಕಬೇಕು. ಒಮ್ಮೆ ಯಾರೋ ತಂದೆಯೊಬ್ಬ ಮೊಬೈಲಿನಲ್ಲಿ ಬೆಕ್ಕಿನ ಹಾಳೆಯ ಫೋಟೊ ತೆಗೆದುಕೊಂಡ. ಕೆಲಸ ಕಲಿಯಲು ಹೊಸದಾಗಿ ಬಂದಿದ್ದ ಕನ್ನಡಕದ ಹುಡುಗಿ ಸುಮ್ಮನೆ ನೋಡುತ್ತ ನಿಂತಿದ್ದಳು. ಗಂಟೆಯಕ್ಕ ಆ ತಂದೆಯಿಂದ ಫೋಟೊ ಅಳಿಸಿಹಾಕಿಸಿ, ಹುಡುಗಿಯ ಬೆವರಿಳಿಸಿದಳು.

"ಏನೇ ನೀನು? ಮನೇಲಿ ಅಭ್ಯಾಸ ಮಾಡಿಸಿ ಕರ್ಕೊಂಡು ಬಂದ್ರೆ ನಾವು ನೋಡೋದು ಮಗೂನಲ್ಲ, ಅಪ್ಪನ ಹಟಾನ! ಮಗೂಗೆ ಏನು ಕಷ್ಟ ಇದೆ ಅಂತ ಆಮೇಲೆ ಯಾರಿಗೂ ಗೊತ್ತಾಗೋದೇ ಇಲ್ಲ, ತಿಳೀತಾ?"

ಹುಡುಗಿ ಕಣ್ಣು ತುಂಬಿಕೊಂಡು ತಲೆ ಅಲ್ಲಾಡಿಸಿದಳು. ಆ ಮಾತನ್ನು ಅವಳು ಜನ್ಮದಲ್ಲಿ ಮರೆಯಲಿಲ್ಲ. ಹೇಳಿದವಳು ಮರೆತಳು.

ಮೊಮ್ಮಗನೂ ಅವಸರಪಟ್ಟೇ ಹುಟ್ಟಿದ. ಏಳನೇ ತಿಂಗಳಿಗೆ ಸೊಸೆಗೆ ನೋವು ಬಂತು. ಗಂಟೆಯಕ್ಕ ಕೆಲಸ ಮಾಡುವ ಆಸ್ಪತ್ರೆಯಲ್ಲೇ, ಅವಳ ಕೋಣೆಯ ಎರಡು ಮಹಡಿ ಮೇಲೆ, ಗಾಜಿನ ಪೆಟ್ಟಿಗೆಯೊಳಗೆ ಒಂದು ಹಿಡಿ ಜೀವ ಮಲಗಿತು. ಬೇರೆಯವರ ಮಕ್ಕಳನ್ನು ಅಷ್ಟು ವರ್ಷ ನೋಡಿದ್ದ ಹೆಂಗಸು ಆ ಗಾಜಿನ ಮುಂದೆ ನಿಂತು, ಏನೂ ತಿಳಿಯದವಳಂತೆ ನರ್ಸಮ್ಮನ ಸೆರಗು ಹಿಡಿದು, "ಬದುಕುತ್ತಾ?" ಎಂದು ಕೇಳಿದಳು. ಬದುಕಿತು. ಪುಟಾಣಿ ಎಂದು ಕರೆದರು. ಬೆಳೆದು ದೊಡ್ಡವನಾದರೂ ಆ ಹೆಸರೇ ನಿಂತಿತು.

ಪುಟಾಣಿಗೆ ಎರಡು ತುಂಬಿ ಮೂರು ನಡೆಯುವಾಗ ಗಂಟೆಯಕ್ಕನ ಕಣ್ಣಿಗೆ ಒಂದೊಂದೇ ಬೀಳತೊಡಗಿತು. ಒಂದರ ಮೇಲೊಂದು ಮರದ ತುಂಡು ಜೋಡಿಸುತ್ತಿದ್ದವನು ಕೈಯಲ್ಲಿದ್ದದ್ದನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋಗುವನು. ಕತೆ ಹೇಳಿದರೆ ಮೊದಲ ಸಾಲಿಗೆ ಕಣ್ಣರಳಿಸಿ, ಎರಡನೆಯದಕ್ಕೆ ಫ್ಯಾನು ನೋಡುವನು. ಕರೆದರೆ ತಿರುಗುವುದಿಲ್ಲ, ಕಿವಿಯೇನೋ ಚೆನ್ನಾಗಿದೆ, ಬಿಸ್ಕತ್ತಿನ ಡಬ್ಬಿ ಸದ್ದಾದರೆ ಆಚೆ ಕೋಣೆಯಿಂದ ಓಡಿ ಬರುತ್ತಾನೆ. ಯಾವ ಮಗುವಾದರೂ ಹೀಗೆಯೇ ತಾನೆ ಎಂದು ನೀವೂ ನಾನೂ ಅನ್ನಬಹುದು. ಅವಳು ಅನ್ನುವಂತಿರಲಿಲ್ಲ. ಯಾವುದು ಮಕ್ಕಳಾಟ, ಯಾವುದು ಅಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆ ವಾರವೇ ಹೊಸ ಹಾಳೆಗಳು ಅಚ್ಚಾಗಿ ಬಂದವು. ಚಿತ್ರಗಳು ಅವೇ, ಹಳೆಯದರ ಪ್ಲಾಸ್ಟಿಕ್ಕು ಮೂಲೆಯಲ್ಲಿ ಕಿತ್ತುಬಂದಿತ್ತು, ಅಷ್ಟೆ. ಹರಿದುಹಾಕಲು ಕೈಗೆತ್ತಿಕೊಂಡವಳು ಅದನ್ನು ಸುತ್ತಿ ಕೊಡೆಯ ಜೊತೆ ಚೀಲದೊಳಗೆ ಸೇರಿಸಿದಳು.

ಇಲ್ಲಿ ಅವಳ ಪರವಾಗಿ ಒಂದು ಮಾತು ಹೇಳಲೇಬೇಕು. ಮೋಸ ಮಾಡುತ್ತೇನೆಂದು ಅವಳು ಅಂದುಕೊಳ್ಳಲಿಲ್ಲ. ದಿನಾ ಅಭ್ಯಾಸವಾದರೆ ಮಗು ಸರಿಹೋಗುತ್ತದೆ, ಗಮನ ತಾನಾಗಿ ಕೂರುತ್ತದೆ ಎಂದು ನಂಬಿದಳು. ಕೋಣೆಯಿಂದ ಹೊರಬರುವ ಅಪ್ಪ ಅಮ್ಮಂದಿರ ಮುಖಗಳನ್ನು ಅವಳು ಬಹಳ ಕಂಡಿದ್ದಳು. ತನ್ನ ಮಗನ ಮುಖ, ಸೊಸೆಯ ಮುಖ ಹಾಗಾಗುವುದನ್ನು ನೋಡುವ ಧೈರ್ಯ ಅವಳಿಗಿರಲಿಲ್ಲ. ಆದ್ದರಿಂದ ಸಂಜೆ ಕೆಲಸ ಮುಗಿಸಿ ಬಂದು, ಸೊಸೆ ಇನ್ನೂ ಹೊಲಿಗೆ ಅಂಗಡಿಯಿಂದ ಬರುವ ಮುಂಚೆ, ಮಂಚದ ಮೇಲೆ ಹಾಳೆ ಹರಡುತ್ತಿದ್ದಳು.

"ಮೇಲಿಂದ ಶುರು ಮಾಡು, ಬಂಗಾರ. ಮರದ ಹಿಂದೆ ಯಾರಿದಾರೆ?"

"ಬೆಕ್ಕು!"

"ಜಾಣ! ಚೆಂಡಿನ ಪಕ್ಕ?"

"ಬೆಕ್ಕು!"

"ನನ್ನ ರಾಜ! ನನ್ನ ಮುತ್ತು!"

ಆಸ್ಪತ್ರೆಯ ಕೋಣೆಯಲ್ಲಿ ಅಷ್ಟು ವರ್ಷ ನುಂಗಿಕೊಂಡ "ಜಾಣ"ಗಳೆಲ್ಲ ಆ ಮಂಚದ ಮೇಲೆ ಸುರಿದವು. ಬಟ್ಟಲಿನಡಿ ಬಿಸ್ಕತ್ತಿಟ್ಟು, ಎರಡೂ ಕೈ ತೊಡೆಯ ಕೆಳಗೆ ಒತ್ತಿಕೊಂಡು ಕೂರುವುದನ್ನೂ ಕಲಿಸಿದಳು. ಗಂಟೆಯ ಬದಲು ಚಮಚದಿಂದ ಲೋಟ ತಟ್ಟಿದರಾಯಿತು. ಬೊಗಳುವ ನಾಯಿಯೂ ಅವಳೇ, ಕೂಗುವ ಕಾಗೆಯೂ ಅವಳೇ. ಪಕ್ಕದ ಮನೆಯವರು ಒಂದು ದಿನ, "ಏನ್ರೀ, ನಾಯಿ ಸಾಕಿದ್ದೀರಾ?" ಎಂದು ಕೇಳಿದರಂತೆ. ಅಜ್ಜಿಗೂ ಮೊಮ್ಮಗನಿಗೂ ಅಷ್ಟು ಸುಖದ ಸಂಜೆಗಳು ಮತ್ತೆ ಬರಲಿಲ್ಲ.

ಸೊಸೆ ದಡ್ಡಿಯಲ್ಲ. ಒಂದು ದಿನ ಬಟ್ಟೆ ಮಡಿಸುತ್ತ ಮೆಲ್ಲಗೆ ಕೇಳಿದಳು.

"ಅತ್ತೆ, ಇವನಿಗೆ ಅಂಗಿ ಹಾಕ್ಕೊ ಅಂದ್ರೆ ಒಂದು ತೋಳು ಹಾಕ್ಕೊಂಡು ಮರೆತೇಬಿಡ್ತಾನೆ. ನಿಮ್ಮ ಕೋಣೆಗೆ ಬರೋ ಮಕ್ಕಳ ಥರ ಇವನೂ ಏನಾದ್ರೂ..."

"ಥೂ, ಬಿಡ್ತು ಅನ್ನು! ಇವನ ಅಪ್ಪ ಇದ್ದದ್ದೂ ಹೀಗೇನೇ. ಗಂಡು ಹುಡುಗರು ಕಣಮ್ಮ, ಸ್ವಲ್ಪ ನಿಧಾನ."

"ನಂಗೇನೋ ಹಾಗಲ್ಲ ಅನ್ಸುತ್ತೆ, ಅತ್ತೆ."

"ಇಷ್ಟು ವರ್ಷ ನೋಡ್ತಿರೋಳು ನಾನು, ಹೇಳ್ತಿರೋಳು ನೀನು! ಸುಮ್ನೆ ತಲೆ ಕೆಡಿಸ್ಕೋಬೇಡ."

ಸೊಸೆ ಮತ್ತೆ ಬಟ್ಟೆ ಮಡಿಸತೊಡಗಿದಳು. ಅಷ್ಟು ವರ್ಷ ನೋಡಿದವಳ ಮಾತಿಗೆ ಎದುರಾಡುವುದು ಹೇಗೆ?

ನಾಲ್ಕು ತುಂಬಿದ ಮೇಲೆ ಪುಟಾಣಿಯ ಸರದಿ ಬಂತು. ಸ್ವಂತದವರನ್ನು ತಾನೇ ಪರೀಕ್ಷೆ ಮಾಡುವಂತಿಲ್ಲವಾದ್ದರಿಂದ ಕನ್ನಡಕದ ಹುಡುಗಿ ಕೂತಳು. ಗಂಟೆಯಕ್ಕ ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ಅಡ್ಡಾಡಿದಳು. ಬಾಗಿಲ ಹಿಂದೆ ಗಂಟೆ ಕಿಣಿಕಿಣಿ ಎಂದಿತು. ಸ್ವಲ್ಪ ಹೊತ್ತಿಗೆ ಹುಡುಗಿ ಮುಖವೆಲ್ಲ ನಗುವಾಗಿ ಹೊರಬಂದಳು.

"ಅಕ್ಕಾ, ನಿಮ್ಮ ಮೊಮ್ಮಗ ಒಂದೇ ಒಂದು ಬೆಕ್ಕು ಬಿಡ್ಲಿಲ್ಲ! ಬಟ್ಟಲು ಮುಟ್ಟಲೇ ಇಲ್ಲ, ಕೈ ಮೇಲೆ ಕೂತ್ಕೊಂಡಿದ್ದ, ಎಷ್ಟು ಮುದ್ದಾಗಿ ಅಂತೀರಾ!"

ಸೊಸೆ ಅಲ್ಲೇ ಅತ್ತುಬಿಟ್ಟಳು, ಖುಷಿಗೆ. ಮಗ ಫೋನಿನಲ್ಲಿ ಕುಣಿದ. ಗಂಟೆಯಕ್ಕನೂ ನಕ್ಕಳು. ನಾಲಿಗೆಯ ತುದಿಗೆ ಒಂದು ಮಾತು ಬಂದಿತ್ತು. 'ಈ ಹಾಳೆ ಇವನಿಗೆ ಗೊತ್ತು, ಬೇರೆ ಏನಾದರೂ ಕೊಟ್ಟು ನೋಡು' ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ಕಾರಿಡಾರಿನಲ್ಲಿ ಎಲ್ಲರೂ ನಗುತ್ತಿದ್ದರು. ಅವಳು ಮಾತನ್ನು ನುಂಗಿದಳು. ವಯಸ್ಸಿಗೆ ತಕ್ಕ ಗಮನವಿದೆ ಎಂಬ ರಿಪೋರ್ಟು ಬಂತು. ಸರಿಯಾಗಿರುವ ಮಕ್ಕಳನ್ನು ಮತ್ತೆ ಕರೆಯುವ ಪದ್ಧತಿ ಅಲ್ಲಿರಲಿಲ್ಲ. ಅದಾಗಿ ಕೆಲವು ತಿಂಗಳಿಗೆ ಗಂಟೆಯಕ್ಕ ನಿವೃತ್ತಳಾದಳು. ಗಂಟೆಯನ್ನು ಕನ್ನಡಕದ ಹುಡುಗಿಯ ಕೈಗೆ ಕೊಟ್ಟು ಬಂದಳು.

ಪುಟಾಣಿ ಎಲ್‌ಕೆಜಿಯಲ್ಲಿ ಹೇಗೋ ಕಳೆದ. ಯುಕೆಜಿಯಲ್ಲಿ ಸಿಕ್ಕಿಬಿದ್ದ. ಎಲ್ಲರೂ ಚಿತ್ರ ಬರೆಯುವಾಗ ಇವನು ಚಾಪೆಯ ದಾರ ಕೀಳುವನು. ಸಾಲಿನಲ್ಲಿ ನಿಂತವನು ಸಾಲು ಬಿಟ್ಟು ಗೇಟಿನ ಹತ್ತಿರ ಸಿಗುವನು. ಮಿಸ್ ಅಪ್ಪ ಅಮ್ಮನನ್ನು ಕರೆಸಿದರು. ಸೊಸೆ ತನ್ನ ಮಗುವನ್ನು ಕಾಪಾಡಿಕೊಳ್ಳಲೆಂದೇ ಆಸ್ಪತ್ರೆಯ ರಿಪೋರ್ಟನ್ನು ತೆಗೆದುಕೊಂಡು ಹೋಗಿದ್ದಳು. ಅದೇ ಮುಳುವಾಯಿತು.

"ಗಮನ ಚೆನ್ನಾಗೇ ಇದೆ ಅಂತ ಇಲ್ಲೇ ಬರೆದಿದೆಯಲ್ಲ," ಎಂದರು ಮಿಸ್. "ಹಾಗಾದ್ರೆ ಇದು ಮೊಂಡಾಟ. ಮನೇಲಿ ಸ್ವಲ್ಪ ಬಿಗಿ ಮಾಡಿ."

ಮನೆಯಲ್ಲಿ ಬಿಗಿ ಮಾಡಿದರು. ಟಿವಿ ನಿಂತಿತು, ಆಟ ನಿಂತಿತು. ಪುಟಾಣಿಯನ್ನು ಗೋಡೆಗೆ ಮುಖ ಮಾಡಿ ಕೂರಿಸಿ ಅಕ್ಷರ ತಿದ್ದಿಸಿದರು. ಒಂದು ಸಂಜೆ, ಹತ್ತು ಸಲ ಹೇಳಿದರೂ ಪುಸ್ತಕ ಎತ್ತಿಡಲಿಲ್ಲವೆಂದು ಮಗ ಸಿಟ್ಟು ನೆತ್ತಿಗೇರಿ ಹುಡುಗನ ಕೆನ್ನೆಗೆ ಬಾರಿಸಿದ.

"ಕೈಲಾಗದೆ ಇದ್ದಿದ್ರೆ ಬೇರೆ ಮಾತು! ಆಗುತ್ತೆ ಇವನಿಗೆ! ಡಾಕ್ಟ್ರೇ ಬರೆದುಕೊಟ್ಟಿದಾರೆ. ಬೇಕಂತ್ಲೇ ಮಾಡ್ತಾನೆ, ಕಳ್ಳ!"

ಪುಟಾಣಿ ಅಳಲಿಲ್ಲ. ಕೆನ್ನೆ ಹಿಡಿದುಕೊಂಡು, ನಿಜವಾಗಿಯೂ ತಿಳಿಯದೆ, "ನಾನೇನ್ ಮಾಡ್ದೆ?" ಎಂದು ಕೇಳಿದ.

ಗಂಟೆಯಕ್ಕ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಆ ಏಟು ಹೊಡೆದದ್ದು ಮಗನಾದರೂ ಹೊಡೆಸಿದ್ದು ತಾನು ಎಂದು ಅವಳಿಗೆ ಹಗಲಿನಷ್ಟು ಸ್ಪಷ್ಟವಾಗಿತ್ತು. ಓಡಿ ಹೋಗಿ ಹುಡುಗನನ್ನು ತಬ್ಬಿಕೊಂಡಳು, ಮಗನನ್ನು ಬಾಯಿಗೆ ಬಂದಂತೆ ಬೈದಳು. ಹೇಳಬೇಕಾದದ್ದನ್ನು ಮಾತ್ರ ಹೇಳಲಿಲ್ಲ. ನಾಳೆ ಹೇಳೋಣ ಎಂದುಕೊಂಡಳು. ನಾಳೆ ಮಗನ ಮುಖ ಸಪ್ಪಗಿತ್ತು, ಪಾಪ ಎನಿಸಿತು. ನಾಡಿದ್ದು ಮನೆಗೆ ಯಾರೋ ಬಂದರು. ಹೇಳದೆ ಕಳೆದ ಒಂದೊಂದು ದಿನವೂ ಹೇಳುವುದನ್ನು ಇನ್ನಷ್ಟು ಕಷ್ಟ ಮಾಡಿತು. ಎಂಥ ಹೇಡಿತನ ಅನ್ನುತ್ತೀರಾ? ಅವಳೂ ತನ್ನನ್ನು ಹಾಗೆಯೇ ಬೈದುಕೊಳ್ಳುತ್ತಿದ್ದಳು, ಪಾತ್ರೆ ತೊಳೆಯುವಾಗ, ನಲ್ಲಿಯ ಸದ್ದಿನಲ್ಲಿ.

ಕೊನೆಗೆ ಹೆಜ್ಜೆ ಇಟ್ಟದ್ದು ಸೊಸೆ. ಒಂದನೇ ಕ್ಲಾಸಿಗೆ ಸೇರಿಸುವ ಮೊದಲು ಇನ್ನೊಂದು ಸಲ ನೋಡಿಸಬೇಕು ಎಂದು ಪಟ್ಟು ಹಿಡಿದಳು. "ಸರಿಯಾಗಿದಾನೆ ಅಂತ ಆಗ್ಲೇ ಹೇಳಿದಾರಲ್ಲ" ಎಂದು ಗಂಡ ಗೊಣಗಿದ. "ನನ್ನ ಸಮಾಧಾನಕ್ಕೆ" ಎಂದಳು. ಗಂಟೆಯಕ್ಕನ ಕಡೆ ತಿರುಗಿ, "ಅತ್ತೆ, ನೀವೂ ಬನ್ನಿ. ನಿಮ್ಮದೇ ಜಾಗ ಅಲ್ವಾ, ಧೈರ್ಯವಾಗಿರುತ್ತೆ" ಎಂದಳು.

ಕೋಣೆ ಹಾಗೆಯೇ ಇತ್ತು. ಕೆಂಪು ದೀಪದ ಮೇಲಿನ ಪ್ಲಾಸ್ಟರೂ ಹಾಗೆಯೇ ಇತ್ತು. ಕನ್ನಡಕದ ಹುಡುಗಿ ಈಗ ಆ ಕೋಣೆಯ ಯಜಮಾನಿ. ತನ್ನ ಗುರು ಬಂದಿದ್ದಾಳೆಂದು ಸಡಗರದಿಂದ ಇನ್ನೊಂದು ಸ್ಟೂಲು ತರಿಸಿ ಸೊಸೆಯ ಪಕ್ಕದಲ್ಲೇ ಹಾಕಿಸಿದಳು. ಬೇರೆ ಯಾರಿಗೂ ಸಿಗದ ಮರ್ಯಾದೆ ಅದು. ಪುಟಾಣಿ ಚಿಕ್ಕ ಕುರ್ಚಿಯಲ್ಲಿ ಕೂತ. ಹುಡುಗಿ ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಇವನ ಈಗಿನ ವಯಸ್ಸಿಗೆ ಹಾಳೆ ಬೇರೆ. ಅದರಲ್ಲಿ ಬೆಕ್ಕುಗಳಿರಲಿಲ್ಲ. ಮನೆ, ಸೈಕಲ್ಲು, ಎಲೆಗಳ ನಡುವೆ ಹುಡುಕಬೇಕಾದದ್ದು ಕೊಡೆಗಳನ್ನು.

ಪುಟಾಣಿ ಹಾಳೆ ನೋಡಿದ. ಹಿಂದೆ ತಿರುಗಿದ.

"ಅಜ್ಜಿ, ಬೆಕ್ಕಿನ ಹಾಳೆ ಎಲ್ಲಿ? ಇದನ್ನ ನೀನು ಹೇಳ್ಕೊಟ್ಟೇ ಇಲ್ಲ."

ಗಂಟೆಯಕ್ಕ ತಲೆಯೆತ್ತಿ ಹುಡುಗಿಯ ಮುಖ ನೋಡಿದಳು. ಕನ್ನಡಕದ ಹಿಂದೆ ಕಣ್ಣು ಒಂದು ಕ್ಷಣ ಅವಳ ಮೇಲೆ ನಿಂತಿತು. ಅರ್ಥವಾಯಿತು ಹುಡುಗಿಗೆ, ಎಲ್ಲವೂ ಅರ್ಥವಾಯಿತು. ಆದರೆ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ಅಷ್ಟು ಚೆನ್ನಾಗಿ ಕಲಿಸಿದವಳು ಗಂಟೆಯಕ್ಕನೇ.

"ಹ್ಞಾಂ, ಮುಂದೆ," ಎಂದಳು ಹುಡುಗಿ.

ಪುಟಾಣಿ ಒಂದು ಕೊಡೆ ಹುಡುಕಿದ. ಇನ್ನೊಂದು ಹುಡುಕಿದ. ಆಮೇಲೆ ಸೈಕಲ್ಲಿನ ಚಕ್ರದ ಮೇಲೆ ಬೆರಳು ತಿರುಗಿಸುತ್ತ ಕೂತ. ಆಮೇಲೆ ಫ್ಯಾನು ನೋಡಿದ. ನಾಯಿ ಬೊಗಳುವಾಗ ಮೇಜಿನ ಅಂಚಿನ ಬಣ್ಣ ಕೆರೆಯುತ್ತಿದ್ದ. ಬಟ್ಟಲು ಬೋರಲು ಹಾಕಿದಾಗ ಅಜ್ಜಿ ಕಲಿಸಿದಂತೆ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ, ಪಾಪ. ಮಂಚದ ಮೇಲಿನ ಕಾಯುವಿಕೆಗಿಂತ ಇದು ಉದ್ದವಾಗಿತ್ತು. ಅರ್ಧಕ್ಕೆ ಮರೆತುಹೋಯಿತು. ಗಂಟೆ ಬಾರಿಸುವ ಮೊದಲೇ ಬಿಸ್ಕತ್ತು ಬಾಯಲ್ಲಿತ್ತು. ಬಾಯಿ ತುಂಬಿಕೊಂಡೇ ಅವನು ತಿರುಗಿ ಅಜ್ಜಿಯ ಕಡೆ ನಕ್ಕ.

ಹುಡುಗಿ ಡಾಕ್ಟರಮ್ಮನ ಹತ್ತಿರ ಮಾತಾಡಿ ಬಂದು ಸೊಸೆಗೆ ಎಲ್ಲ ವಿವರಿಸಿದಳು. ಇವನು ಮೊಂಡನಲ್ಲ, ಸೋಮಾರಿಯಲ್ಲ. ಗಮನ ನಿಲ್ಲಿಸುವುದು ಇವನಿಗೆ ನಿಜವಾಗಿಯೂ ಕಷ್ಟ. ವಾರವಾರ ಕರೆತಂದರೆ ಕಲಿಸುವ ಬಗೆಗಳಿವೆ. ಇನ್ನೂ ಚಿಕ್ಕವನಾಗಿದ್ದಾಗಲೇ ಶುರುವಾಗಿದ್ದರೆ... ಎಂದು ಬಾಯಿಗೆ ಬಂದದ್ದನ್ನು ಅರ್ಧಕ್ಕೆ ನಿಲ್ಲಿಸಿ, "ಪರವಾಗಿಲ್ಲ, ಈಗಲಾದ್ರೂ ಬಂದ್ರಲ್ಲ" ಎಂದು ಮುಗಿಸಿದಳು. ಗಂಟೆಯಕ್ಕನ ಕಡೆ ಅವಳು ನೋಡಲೇ ಇಲ್ಲ.

ಸೊಸೆ ಮನೆಗೆ ಬಂದು ಚಪ್ಪಲಿ ಬಿಟ್ಟು, ನೀರು ಕುಡಿದು, ಆಮೇಲೆ ಕೇಳಿದಳು.

"ನಿಮಗೆ ಆಗ್ಲೇ ಗೊತ್ತಿತ್ತು ಅಲ್ವಾ ಅತ್ತೆ?"

"ಹ್ಞೂಂ ಕಣಮ್ಮ."

"ನಾನು ಕೇಳ್ದಾಗ್ಲೂ?"

ಗಂಟೆಯಕ್ಕ ತಲೆ ತಗ್ಗಿಸಿದಳು. "ಸರಿಹೋಗ್ತಾನೆ ಅಂದ್ಕೊಂಡೆ. ನಿಮ್ಮಿಬ್ಬರ ಮುಖ ನೋಡೋಕಾಗ್ತಿರ್ಲಿಲ್ಲ ನನಗೆ."

"ನನಗೇ ಏನೋ ಹುಚ್ಚು ಅಂದ್ಕೊಂಡಿದ್ದೆ. ನನ್ನ ಮಗೂನ ನಾನೇ ಅನುಮಾನದಿಂದ ನೋಡ್ತೀನಲ್ಲ, ಎಂಥ ತಾಯಿ ನಾನು ಅಂತ ಅತ್ತಿದೀನಿ." ಸೊಸೆಯ ದನಿ ಏರಲಿಲ್ಲ. ಏರಿದ್ದರೆ ಗಂಟೆಯಕ್ಕನಿಗೆ ಎಷ್ಟೋ ಹಗುರವಾಗುತ್ತಿತ್ತು. "ಇವರು ಹೊಡೆದಾಗ ನೀವು ಅಲ್ಲೇ ನಿಂತಿದ್ರಿ."

ಹೌದು, ಅಲ್ಲೇ ನಿಂತಿದ್ದಳು.

ದೊಡ್ಡವರಿಬ್ಬರ ಮುಖ ಬಾಡಿದ್ದು ಪುಟಾಣಿಗೂ ಕಂಡಿತು. ತಾನು ಇವತ್ತು ಸರಿಯಾಗಿ ಆಡಲಿಲ್ಲ, ಅದಕ್ಕೇ ಬೇಜಾರು ಎಂದುಕೊಂಡನೋ ಏನೋ. ಒಳಗೆ ಓಡಿಹೋಗಿ ಅಜ್ಜಿಯ ಹಾಸಿಗೆಯಡಿಯಿಂದ ಬೆಕ್ಕಿನ ಹಾಳೆ ಎಳೆದು ತಂದು ನೆಲದ ಮೇಲೆ ಹರಡಿದ.

"ಅಮ್ಮಾ, ಇಲ್ನೋಡು. ನಂಗೆ ಬರುತ್ತೆ. ಕಣ್ಣು ಮುಚ್ಕೊಂಡೂ ಬರುತ್ತೆ!"

ಕಣ್ಣು ಬಿಗಿಯಾಗಿ ಮುಚ್ಚಿದ. ಪುಟ್ಟ ಬೆರಳು ಹಾಳೆಯ ಮೇಲೆ ಹೊರಟಿತು. ಮರದ ಹಿಂದೆ, ಚೆಂಡಿನ ಪಕ್ಕ, ಹೂವಿನ ಕೆಳಗೆ, ನಾಯಿಯ ಬಾಲದ ಹತ್ತಿರ. ನೋಡದೆಯೇ ಒಂದೊಂದು ಬೆಕ್ಕಿನ ಮೇಲೂ ಸರಿಯಾಗಿ ಕೂತಿತು. ಮುಗಿಸಿ ಕಣ್ಣು ಬಿಟ್ಟವನು ಮೊದಲು ನೋಡಿದ್ದು ಅಜ್ಜಿಯ ಮುಖವನ್ನು. ಅವಳು ಪ್ರತಿ ಸಲ ಹೇಳುತ್ತಿದ್ದ ಮಾತಿಗಾಗಿ ಕಾದ. ಗಂಟೆಯಕ್ಕನ ಬಾಯಿಂದ ಅದು ಹೊರಡಲಿಲ್ಲ.

"ಜಾಣ ಕಣೋ ನೀನು," ಎಂದಳು ಸೊಸೆ. ಹುಡುಗನನ್ನು ಮಡಿಲಿಗೆ ಎಳೆದುಕೊಂಡು, ಇನ್ನೊಂದು ಕೈಯಲ್ಲಿ ಹಾಳೆಯನ್ನು ಮಡಚಿ ಪಕ್ಕಕ್ಕಿಟ್ಟಳು. "ಮುಂದಿನ ವಾರದಿಂದ ನಾವು ಆ ಕನ್ನಡಕದ ಮಿಸ್ ಹತ್ರ ಹೋಗೋಣ. ಹೊಸಹೊಸ ಆಟ ಆಡಿಸ್ತಾರೆ."

"ಅಜ್ಜಿನೂ ಬರ್ತಾಳಾ?"

ಸೊಸೆ ಅತ್ತೆಯ ಮುಖ ನೋಡಿದಳು.

"ಬರ್ತಾರೆ," ಎಂದಳು. "ಅಜ್ಜಿ ಹೊರಗೆ ಕೂತಿರ್ತಾರೆ."